ದಿನಕ್ಕ ನಲವತ್ತು ಹಾಳಿ

ಈರವ್ವಗ ಓದಾಕ ಬರೂದಿಲ್ಲ. ಆದ್ರ ಮಗಳು ಓದೂದನ್ನ ಕೇಳಿ ಅಳತಿ ಮಾಡಾಕ ಬರತೈತಿ ಅಂತ ಆಕಿ ತಿಳಕೊಂಡಿದ್ಲು. ತನ್ನ ಹಳ್ಳಿ ಮುಗದದಾಗ ಎರಡು ಎಮ್ಮಿ, ಗಂಡ ಸಿದ್ದಲಿಂಗಪ್ಪ, ಎಲ್ಲಾ ಬಿಟ್ಟು ಶಹರದ ಸಪ್ತಾಪುರದಾಗ ಒಂದು ಖೋಲಿ ಹಿಡಿದು ಕುಂತದ್ದು ಒಂದಕ್ಕ: ಮಗಳು ಭಾಗ್ಯಶ್ರೀ ಪಿಯುಸಿ ಸೈನ್ಸ್ ಛಲೋತಂಗ ಪಾಸಾಗಬೇಕು. ಕಳಿಸುವಾಗ ಸಿದ್ದಲಿಂಗಪ್ಪ ಖಡಕ್ಕಾಗಿ ಹೇಳಿದ್ದ, ಹುಡುಗಿ ಓದಲಿಲ್ಲಂದ್ರ ಖೋಲಿಗೆ ಕೀಲಿ ಹಾಕಿ ಇಬ್ಬರೂ ಊರಿಗೆ ಬರ್ರಿ, ಗಂಡು ನೋಡೂಣು ಅಂತ.

ಅದಕ್ಕ ಈರವ್ವ ಬಾಗಿಲದಾಗ ಜ್ವಾಳ ಹಸನ ಮಾಡ್ಕೋತ ಕುಂತು ಕಿವಿ ಒಳಗಿಡತಿದ್ಲು. ಹಾಳಿ ತಿರುವಿದ ಸಪ್ಪಳ ಕೇಳಿದ್ರ ಮಗಳು ಓದಾಕತ್ತಾಳ. ಕೇಳಲಿಲ್ಲಂದ್ರ ಈಕಿ ಕೆಮ್ಮೂದು. ಆಗೂ ಕೇಳಲಿಲ್ಲಂದ್ರ ಹೆಸರು ಹಿಡಿದು ಕೂಗೂದು. ದಿನಾ ಸಂಜಿಕ್ಕ ಸಿದ್ದಲಿಂಗಪ್ಪನ ಫೋನು, ಇವತ್ತ ಎಷ್ಟ ಹಾಳಿ ಅಂತ. ಈಕಿ ನಲವತ್ತು ಅಂದ್ರ ಮುಗದದ ಕಟ್ಟಿ ಮ್ಯಾಲೆ ಅದು ಅರವತ್ತಾಗತಿತ್ತು. ಗಂಡಸರ ಬಾಯಿ, ಯಾರು ಹಿಡಿಯೋರು!

ಆದ್ರ ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಟೆಸ್ಟ್ ಆತು, ಕಾಲೇಜಿಂದ ಕರೆ ಬಂತು. ಫಿಸಿಕ್ಸ್ ಕಲಿಸೋ ಕರುಣಾ ಮೇಡಂ ಭಾಗ್ಯಶ್ರೀ ಬರೆದದ್ದನ್ನ ಈರವ್ವನ ಮುಂದಿಟ್ರು. ಅಕ್ಷರ ತಿಳೀದಿದ್ರೂ ಖಾಲಿ ಬಿಟ್ಟದ್ದು ಯಾರಿಗರೆ ತಿಳೀತೈತಿ. ಮನ್ಯಾಗ ಓದತಾಳೇನ್ರಿ ಅಂತ ಮೇಡಂ ಕೇಳಿದ್ದಕ್ಕ, ದಿನಕ್ಕ ನಲವತ್ತು ಹಾಳಿ, ನನ್ನ ಕಿವಿಲೇ ಕೇಳೇನ್ರಿ ಅಂದ್ಲು. ಮೇಡಂ ನಗಲಿಲ್ಲ.

"ಅವ್ವಾರ, ನಾ ಕಲಿಯೂ ಮುಂದ ಫಿಸಿಕ್ಸ್ ಪುಸ್ತಕದ ಒಂದೊಂದು ಹಾಳಿಗೆ ಒಂದೊಂದು ತಾಸು ಕುಂತೇನ್ರಿ."

ದಾರ್ಯಾಗ ಈರವ್ವಗ ಮೊದಲು ಬಂದದ್ದು ಸಿಟ್ಟು. ಭಪ್ಪರೇ ಮಗಳ, ಹೆತ್ತಾಕಿ ಕಿವಿಗೇ ಹೂವು ಇಟ್ಟೆಲ್ಲ! ನಾಕು ಬಿಗೀಬೇಕು, ಇವತ್ತ ಗಂಡಗ ಇದ್ದದ್ದು ಇದ್ದಂಗ ಹೇಳಿ ಗಂಟು ಕಟ್ಟಬೇಕು. ಹಿಂಗ ಬುಸುಗುಡಕೋತ ವಠಾರಕ್ಕ ಬಂದ್ಲು. ಆಕಿ ಚಪ್ಪಲಿ ಸಪ್ಪಳಾತು. ಒಳಗ ಹಾಳಿ ತಿರುವಿದ್ದು ಕೇಳ್ತು. ಮತ್ತೊಂದು. ಮತ್ತೊಂದು. ಲಗೂ ಲಗೂ.

ಈರವ್ವನ ಕಾಲು ಅಲ್ಲೇ ನಿಂತವು. ಬಡಿಗಿ ಕಂಡ ಎಮ್ಮಿ ಬೆದರಿದಂಗ ತನ್ನ ಕೂಸು ತನ್ನ ಚಪ್ಪಲಿ ಸಪ್ಪಳಕ್ಕ ಬೆದರೈತಲ್ಲ! ಎರಡು ತಿಂಗಳಿಂದ ಹುಡುಗಿ ಗಂಗಾಳದಾಗ ಅರ್ಧ ರೊಟ್ಟಿ ಬಿಟ್ಟು ಏಳಾಕತ್ತಿದ್ದು ಈಗ ನೆನಪಾತು. ಹಾಳಿ ಎಣಿಸಿದಾಕಿ ರೊಟ್ಟಿ ಎಣಿಸಿರಲಿಲ್ಲ.

ಒಳಗ ಹೋಗಿ ಬಾಜೂಕ ಕುಂತು ಪುಸ್ತಕದ ಮ್ಯಾಲೆ ಕೈ ಇಟ್ಲು.

"ತಿರುವಬ್ಯಾಡ. ಎಲ್ಲಿಂದ ತಿಳಿದಿಲ್ಲ, ಅದನ್ನಷ್ಟ ತೋರಸು."

ಭಾಗ್ಯಶ್ರೀ ಅಪ್ಪಗ ಹೇಳ್ತಿಯೇನು ಅಂತ ಕೇಳಿ ಬಿಕ್ಕಿ ಬಿಕ್ಕಿ ಅತ್ಲು. ಆಮ್ಯಾಲೆ ಹಾಳಿ ಹಿಂದಕ್ಕ ಹಿಂದಕ್ಕ ತಿರುವಿ, ಮೊದಲನೇ ಪಾಠದ ಮ್ಯಾಲೆ ಬಟ್ಟು ಇಟ್ಲು.

"ಇಲ್ಲಿಂದ, ಅವ್ವಾ."

ಈರವ್ವ ಬೈಲಿಲ್ಲ. ಹಂಗಾರ ಅಲ್ಲಿಂದ್ಲೇ ಸುರು ಮಾಡು, ತಿಳೀದಿದ್ದನ್ನ ನಾಳಿ ಮೇಡಮ್ಮಾರ್ನ ಕೇಳು, ನಾ ಕಾಯೂದಿಲ್ಲ ಅಂತ ಹೇಳಿ ಜ್ವಾಳದ ಮೊರ ತಗೊಂಡು ಹೊರಗ ಬಂದ್ಲು. ಒಳಗ ಏನೂ ಸಪ್ಪಳಿಲ್ಲ. ಎರಡು ಸಲ ಕೆಮ್ಮು ಗಂಟಲ ತನಕ ಬಂತು. ನುಂಗಿಕೊಂಡ್ಲು. ಅಷ್ಟೂ ಜ್ವಾಳ ಹಸನಾಗೂದರಾಗ ಒಂದ ಒಂದು ಸಲ ಹಾಳಿ ತಿರುವಿದ ಸಪ್ಪಳ ಕೇಳ್ತು.

ಸಂಜಿಕ್ಕ ಫೋನು ಬಂತು. ಇವತ್ತ ಎಷ್ಟ ಹಾಳಿ ಅಂದ ಸಿದ್ದಲಿಂಗಪ್ಪ.

"ಒಂದ್ರಿ."

ಒಂದಂದ್ರ ಏನರ್ಥ, ಖೋಲಿಗೆ ಕೀಲಿ ಹಾಕಿ ಬರ್ತೀರೇನು ಅಂತ ಅವ ದನಿ ಏರಿಸಿದ. ಇಷ್ಟು ದಿನ ಗಂಡಗ ಎದುರು ಮಾತಾಡದ ಈರವ್ವ ಇವತ್ತ ಹೇಳೇ ಬಿಟ್ಲು.

"ಬರೂದಿಲ್ರಿ. ಆ ನಲವತ್ತು ನಮ್ಮ ಹೆದರಿಕಿಗೆ ತಿರುವಿದ್ದು. ಈ ಒಂದು ಖರೇ ಓದಿದ್ದು. ನಾಳಿಂದ ಹಾಳಿ ಕೇಳಬ್ಯಾಡ್ರಿ, ಉಂಡಿಯೇನು ಅಂತ ಕೇಳ್ರಿ."

ಸಿದ್ದಲಿಂಗಪ್ಪ ದನಿ ಇಳಿಸಿ, ಫೋನು ಹುಡುಗಿ ಕೈಯಾಗ ಕೊಡು ಅಂದ. ಈರವ್ವ ಕೊಟ್ಟು, ಒಲಿ ಹಚ್ಚಾಕ ಎದ್ಲು. ಬೆನ್ನ ಹಿಂದ ಮಗಳ ದನಿ ಕೇಳ್ತು.

"ಇನ್ನೂ ಇಲ್ಲಪ್ಪಾ. ಅವ್ವ ಈಗ ರೊಟ್ಟಿ ಮಾಡತಾಳ."