ಗುರುವಾರದ ಹೂಂ

ಬಸ್ ರಾಜೇಶ್ವರ ದಾಟುವಷ್ಟರಲ್ಲಿ ರೂಪಾಲಿ ಒಂದೇ ಟಿಪ್ಪಣಿಯನ್ನು ಮೂರು ಸಲ ಓದಿದ್ದಳು. ಅಜ್ಜಿ ಕಸ್ತೂರಿಬಾಯಿಯ ಕಣ್ಣು ತೋರಿಸಲು ಅರ್ಧ ದಿನ ರಜೆ ಹಾಕಿ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟಿದ್ದಳು. ದಾರಿಯಲ್ಲಿ ಮೊಬೈಲು ತೆಗೆದು ನಿನ್ನೆಯ ಮೀಟಿಂಗಿನ ಟಿಪ್ಪಣಿ ಓದಿದ್ದೇ ತಡ, ಜೀವ ಬಾಯಿಗೆ ಬಂತು.

ಅವಳು ಮನೆಯಲ್ಲೇ ಕೂತು ನಾರ್ವೆಯ ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾಳೆ. ಅಲ್ಲಿಯ ಮುದುಕರಿಗೆ ಯಾವ ಹೊತ್ತಿಗೆ ಯಾವ ಗುಳಿಗೆ ಎಂದು ನೆನಪಿಸುವ ಆ್ಯಪ್. ಅವರ ಭಾಷೆ ಬಂದರೆ ಕೆಲಸ ಇನ್ನೂ ಚೆನ್ನಾಗಿ ಆದೀತೆಂದು ಆರು ತಿಂಗಳಿಂದ ನಾರ್ವೇಜಿಯನ್ ಕಲಿಯುತ್ತಿದ್ದಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ! ಗುರುವಾರದ ಮೀಟಿಂಗ್ ನಾರ್ವೇಜಿಯನ್ನಿನಲ್ಲೇ ನಡೆಯಲಿ ಎಂದು ಕೇಳಿಕೊಂಡವಳೂ ಇವಳೇ. ಮೇಲಧಿಕಾರಿ ಇಂಗ್ರಿಡ್ ಮಾತು ಶುರು ಮಾಡಿದರೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೆ ದೊಡ್ಡವರು ಮಾತಾಡುವಾಗ ಬಾಯಿ ಹೊಲಿದುಕೊಂಡು ಕೂತರೆ ಮರ್ಯಾದೆಯೇ? ನಮ್ಮ ಕಡೆ ಹೂಂಗುಟ್ಟಬೇಕು. ಮೂರು ತಿಂಗಳಿಂದ ಇವಳು ‘ಯಾ, ಯಾ’, ಅಂದರೆ ‘ಹೌದು, ಹೌದು’ ಎಂದು ಅವರ ಭಾಷೆಯಲ್ಲೇ ಹೂಂಗುಟ್ಟಿದ್ದಳು. ಇಂಗ್ರಿಡ್ ಖುಷಿಯಾಗಿ ಇನ್ನೂ ಜೋರಾಗಿ ಮಾತು ಓಡಿಸುತ್ತಿದ್ದರು.

ಬರೆದದ್ದನ್ನು ನಿಧಾನಕ್ಕೆ ಓದಿದರೆ ಮಾತ್ರ ತಿಳಿಯುತ್ತಿತ್ತು. ಟಿಪ್ಪಣಿ ಹೀಗಿತ್ತು: ‘ಗುಳಿಗೆಯ ವೇಳೆ ಬದಲಾದಾಗ ಹಳೆಯ ಸೂಚನೆ ಅಳಿಸುತ್ತದೆಂದು ರೂಪಾಲಿ ಪರೀಕ್ಷಿಸಿದ್ದಾಳೆ. ಕೇಳಿದೆವು, ಹೌದೆಂದಳು. ನಾಳೆ ಭಾರತದ ವೇಳೆ ಮಧ್ಯಾಹ್ನ ಒಂದೂವರೆಗೆ ಈ ಬದಲಾವಣೆ ಎಲ್ಲರ ಫೋನಿಗೂ ಹೋಗುತ್ತದೆ.’

ಅವಳು ಪರೀಕ್ಷಿಸಿರಲಿಲ್ಲ. ಈಗ ಒಂದು ಗಂಟೆ. ಹಳೆಯ ಸೂಚನೆ ಉಳಿದುಬಿಟ್ಟರೆ ಯಾವುದೋ ಮುದುಕಿ ಒಂದೇ ಗುಳಿಗೆಯನ್ನು ಎರಡು ಸಲ ನುಂಗುತ್ತಾಳೆ. ಹೇಳಿದರೆ ಕೆಲಸ ಹೋಗುತ್ತದೆ. ಒಂದು ವೇಳೆ ಏನೂ ಆಗದಿದ್ದರೆ? ಸುಮ್ಮನಿದ್ದುಬಿಡಲೇ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ಹೆದರಿದಳು.

ಪಕ್ಕದಲ್ಲಿ ಕಸ್ತೂರಿಬಾಯಿ ಏನೋ ಹೇಳುತ್ತಲೇ ಇದ್ದಳು. ರೂಪಾಲಿ ಹೂಂ, ಹೂಂ ಎನ್ನುತ್ತಲೇ ಇದ್ದಳು.

“ನಾ ಏನ್ ಹೇಳ್ದೆ, ಹೇಳ ನೋಡೂಣ?” ಎಂದಳು ಕಸ್ತೂರಿಬಾಯಿ.

ರೂಪಾಲಿ ಮೊಬೈಲಿನಿಂದ ತಲೆಯೆತ್ತಿದಳು.

“ಕಣ್ಣಿಗಿ ಔಷಧ ಹಾಕಿಂದ ನನಗ ಏನೂ ಕಾಣಂಗಿಲ್ಲ, ಕೈ ಬಿಡಬ್ಯಾಡ ಅಂದೆ. ನಿನ್ನ ಹೂಂ ನಂಬಿ ನಡದ್ರ ಬೀಳಾಕಿ ನಾನು, ನೀ ಅಲ್ಲ.”

ರೂಪಾಲಿ ಕೂಡಲೇ ಇಂಗ್ರಿಡ್‌ಗೆ ಫೋನು ಹಚ್ಚಿದಳು. ಸಿಗ್ನಲ್ ಇಲ್ಲ. ಮತ್ತೆ ಹಚ್ಚಿದಳು, ಕಡಿಯಿತು. ನಡುವೆ ಅಜ್ಜಿಗೆ ನಡೆದದ್ದೆಲ್ಲ ಹೇಳಿದಳು. ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಇಪ್ಪತ್ತಾರು. ಇಂಗ್ರಿಡ್ ಎತ್ತಿದರು.

“ನಾನು ಪರೀಕ್ಷಿಸಿಲ್ಲ,” ಎಂದಳು ರೂಪಾಲಿ, ತನ್ನ ಹರಕುಮುರಕು ನಾರ್ವೇಜಿಯನ್ನಿನಲ್ಲಿ. “ನಿಮ್ಮ ಪ್ರಶ್ನೆ ನನಗೆ ತಿಳಿದಿರಲಿಲ್ಲ. ತಿಳಿದವಳಂತೆ ಹೌದೆಂದೆ. ದಯಮಾಡಿ ನಿಲ್ಲಿಸಿ.”

ಆ ಕಡೆ ಕೀಲಿಮಣೆಯ ಸದ್ದು ಕೇಳಿತು. “ನಿಲ್ಲಿಸಿದೆ,” ಎಂದರು ಇಂಗ್ರಿಡ್. ಆಮೇಲೆ ಒಂದೊಂದೇ ಮಾತು ಬಿಡಿಸಿ ಕೇಳಿದರು: “ಈ ಮೂರು ತಿಂಗಳಲ್ಲಿ ಹೀಗೆ ಇನ್ನೇನೇನಕ್ಕೆ ಹೌದೆಂದಿದ್ದೀ?”

ಈ ಸಲ ಪ್ರತಿ ಮಾತೂ ತಿಳಿಯಿತು. ತಾನು ಹೌದೆಂದದ್ದೆಲ್ಲ ಈಗ ಜನರ ಫೋನಿನಲ್ಲಿ ಕೂತಿತ್ತು.

“ಗೊತ್ತಿಲ್ಲ,” ಎಂದಳು.

“ಇವತ್ತೇ ಹುಡುಕೋಣ. ನಿನ್ನ ಕೆಲಸದ ಮಾತು ಆಮೇಲೆ,” ಎಂದು ಇಂಗ್ರಿಡ್ ಫೋನಿಟ್ಟರು.

“ಏನಾಯ್ತಽ? ನೌಕರಿ ಉಳೀತದೇನು?” ಎಂದಳು ಕಸ್ತೂರಿಬಾಯಿ.

“ಗೊತ್ತಿಲ್ಲ, ಆಯಿ.”

ಮುದುಕಿ ಕೈ ಚಾಚಿದಳು. ರೂಪಾಲಿ ಅದನ್ನು ಹಿಡಿದುಕೊಂಡಳು.