ಹಿಮದ ಕೆರೆಯಲ್ಲಿ ಸುನೀಲ

ಸಾಸಿವೆ ಸಿಡಿಯುವ ಸದ್ದು ನಿಂತಿತು, ಇಂಗು ಹಾಕಿದೆನೋ ಇಲ್ಲವೋ, ಮೂಗಿಗೆ ಬರುತ್ತಿದೆ, ಹಾಕಿದ್ದೇನೆ — ಒಂದೆಲಗದ ತಂಬುಳಿಗೆ ಒಗ್ಗರಣೆ ಸುರಿದು ಮುಚ್ಚಳ ಮುಚ್ಚಿ ಮತ್ತೆ ಊಟದ ಮೇಜಿಗೆ ಬಂದರೆ ಲ್ಯಾಪ್‌ಟಾಪಿನಲ್ಲಿ ಅದೇ ಕೆಂಪು ಪಟ್ಟಿ, ಒಂದಿಷ್ಟೂ ಕುಗ್ಗಿಲ್ಲ, ನಾನು ಅಡುಗೆಮನೆಗೆ ಹೋಗಿ ಬರುವುದರೊಳಗೆ ಕುಗ್ಗುತ್ತೇನೆಂದು ಅದೇನು ಮಾತು ಕೊಟ್ಟಿತ್ತೇ. ಅಂಟಾರ್ಕ್ಟಿಕಾದ ಕೆರೆ, ಮೇಲೆ ಆಳೆತ್ತರದ ಹಿಮ, ಅದರಡಿಯ ಕತ್ತಲೆ ನೀರಿನಲ್ಲಿ ಯಾವ ಜೀವಾಣುಗಳು ಬದುಕಿವೆ ಎಂದು ಅವುಗಳ ಡಿಎನ್‌ಎ ಓದಿಸಿ ತಿಳಿಯಬೇಕಿತ್ತು. ಯಂತ್ರ ಓದಿದೆ, ಚೆನ್ನಾಗಿಯೇ ಓದಿದೆ, ಓದಿ ಹೇಳುತ್ತಿದೆ, ಇದು ಮನುಷ್ಯನ ಚರ್ಮದ ಮೇಲಿರುವ ಬ್ಯಾಕ್ಟೀರಿಯಾ, ಇದೂ ಅದೇ, ಇನ್ನು ಇದು ಮನುಷ್ಯನೇ, ಗಂಡಸು, ಕೆಂಪು ಪಟ್ಟಿಯೆಲ್ಲ ಅದೇ. ಕೆರೆಯದು ಎನ್ನಲು ಉಳಿದದ್ದು ಎಲೆಯ ತುದಿಗೆ ಬಡಿಸುವ ಉಪ್ಪಿನಷ್ಟು. ಗೋವೆಯ ಲ್ಯಾಬಿನಲ್ಲಿ ನನ್ನ ಕೈಯಿಂದಲೇ ಕೆಟ್ಟಿದ್ದರೆ ಎಷ್ಟೋ ವಾಸಿಯಿತ್ತು, ಬೈಸಿಕೊಂಡು ಮುಗಿಸುತ್ತಿದ್ದೆ, ಆದರೆ ಪರೀಕ್ಷೆಗೆಂದು ಬರೀ ಶುದ್ಧ ನೀರು ಹಾಕಿ ಜೊತೆಗೇ ಓಡಿಸಿದ ನಳಿಕೆಯಲ್ಲಿ ಏನೂ ಇಲ್ಲ, ಅಂದರೆ ಲ್ಯಾಬು ಮಡಿಯಲ್ಲೇ ಇತ್ತು, ಮೈಲಿಗೆಯಾದದ್ದು ಅಲ್ಲೇ, ಕೆರೆಯ ಬಾಯಲ್ಲೇ, ಅಲ್ಲಿ ಬಾಟಲಿ ಅದ್ದಿದವನು ಒಬ್ಬನೇ, ಸುನೀಲ, ನನ್ನ ಜೊತೆ ಕೆಲಸ ಮಾಡುವ ಹೇರೂರಿನ ಸುನೀಲ, ನನ್ನ ಹಾಗೇ ರಜೆಗೆ ಊರಿಗೆ ಬಂದು ಈಗ ನಮ್ಮ ಮನೆಗೆ ಊಟಕ್ಕೆಂದು ಬೈಕಿನಲ್ಲಿ ಬರುತ್ತಿರುವ ಸುನೀಲ.

ಹೇಗೆ ಹೇಳುವುದು ಅವನಿಗೆ, ಆ ಬಾಟಲಿ ತುಂಬಿಸಿದ ದಿನವೇ ಅವನ ಬಲಗೈ ಉಂಗುರಬೆರಳು ಚಳಿಗೆ ಮರಗಟ್ಟಿತು, ಆಮೇಲೆ ಕಪ್ಪಾಗಿ ಅರ್ಧಕ್ಕೆ ಕತ್ತರಿಸಬೇಕಾಯಿತು, ಗ್ಲೌಸ್ ಹರಿದಿತ್ತು ಎಂದಿದ್ದ, ಹಿಂದಿರುಗಿ ಬಂದವನು ನಗುತ್ತಲೇ ಆ ಕೈ ತೋರಿಸಿದ್ದ, ಬೆರಳು ಹೋದ್ರೆ ಹೋತು ಮಧುರಕ್ಕ, ನೀರು ಬಂತಲ, ಎಂದಿದ್ದ. ಈಗ ನೀರೂ ಹೋಯಿತಪ್ಪಾ ಎನ್ನಬೇಕು ನಾನು. ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ, ಬೆಳಿಗ್ಗೆಯಿಂದ ಎರಡು ಸಲ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದೇನೆ — ಲ್ಯಾಬಿನ ಮುಖ್ಯಸ್ಥೆ ಪರಿಮಳಾ ಮೇಡಂ ಫೋನಿನಲ್ಲಿ ಹೇಳಿಯಾಗಿದೆ, ಹೇಗಾಯಿತು ಅಂತ ಇವತ್ತೇ ಬರೆದು ಕಳಿಸು ಮಧುರಾ, ಮುಂದಿನ ತಂಡದಲ್ಲಿ ಸುನೀಲ ಇರಬೇಕೋ ಬೇಡವೋ ಅದನ್ನು ನೋಡಿಯೇ ತೀರ್ಮಾನ. ಗ್ಲೌಸ್ ಹರಿದದ್ದು ಎಂದು ಬರೆದರೆ ಆಯಿತಲ್ಲ, ಹರಿದದ್ದಕ್ಕೆ ಅವನೇನು ಮಾಡಿಯಾನು, ಅವನಿಗೂ ಮತ್ತೊಮ್ಮೆ ಹೋಗುವ ಹುಚ್ಚು, ಅರ್ಧ ಬೆರಳಿನಲ್ಲೇ ಹಗ್ಗ ಬಿಗಿಯುವುದನ್ನು ಅಭ್ಯಾಸ ಮಾಡುತ್ತಿದ್ದಾನಂತೆ. ಆದರೂ ಒಂದು ಹರಕು ಗ್ಲೌಸಿನಿಂದ ಇಷ್ಟೊಂದು ಚರ್ಮವೇ — ಇಸಳೂರಿನ ಈ ಹೊಸ ರಸ್ತೆಯ ಜಲ್ಲಿಯ ಮೇಲೆ ಬೈಕಿನ ಸದ್ದು, ಗೇಟಿನ ಸದ್ದು, ಲ್ಯಾಪ್‌ಟಾಪ್ ಮುಚ್ಚಿ ಕಪಾಟಿನ ಮೇಲೆ ಇಟ್ಟೆ, ಕಳ್ಳಿಯ ಹಾಗೆ. ಮಧುರಕ್ಕ, ಕೆರೆ ಎಂತ ಹೇಳ್ತು, ಚಪ್ಪಲಿ ಬಿಡುವ ಮೊದಲೇ ಕೇಳಿದ. ಮೊದ್ಲು ಉಣ್ಣು, ಎಂದೆ.

ಎಲೆ ಹಾಕಿದೆ, ಅನ್ನ, ತಂಬುಳಿ, ಕೆಸುವಿನ ಸೊಪ್ಪಿನ ಪಲ್ಯ, ಅವನು ಕುಳಿತು ಅಂಗೈಗೆ ನೀರು ಹಾಕಿಕೊಂಡ, ಉಣ್ಣುವ ಮೊದಲು ಎಲೆಯ ಸುತ್ತ ಬಿಡಲಿಕ್ಕೆ, ಆ ನೀರು ಎಲೆಗೆ ಸುತ್ತು ಬರುವ ಮೊದಲೇ ಅರ್ಧ ಬೆರಳಿನ ಸಂದಿಯಿಂದ ಸೋರಿಹೋಯಿತು, ಮತ್ತೆ ಹಾಕಿಕೊಂಡ, ಮತ್ತೆ ಸೋರಿತು, ಅಂಗೈಯನ್ನು ಸ್ವಲ್ಪ ಓರೆ ಮಾಡಿ ಮೂರನೆಯ ಸಲ ಹೇಗೋ ಮುಗಿಸಿದ, ನಾನು ತಡೆಯಲಾರದೆ ಬಾಯಿಬಿಟ್ಟೆ, ಕೆರೇದು ಎಂತದೂ ಇಲ್ಲೆ ಸುನೀಲ, ಬಾಟ್ಲಿಲಿ ಇಪ್ಪುದೆಲ್ಲ ನಿಂದೇಯ. ಅವನ ಕೈ ಅನ್ನದ ಮೇಲೆಯೇ ನಿಂತಿತು. ಎಲ್ಲ ಯಂದೇಯ? ನಗಲು ಹೊರಟವನು ನಗಲಿಲ್ಲ, ತನ್ನ ಕೈಯನ್ನೇ ನೋಡಿದ. ಗ್ಲೌಸ್ ಹರಿದಿದ್ದಲ್ಲ ಮಧುರಕ್ಕ, ಆನೇ ತೆಗೆದದ್ದು, ಯನ್ನ ಕೈಯಾರೆ. ಎಂತಕ್ಕೆ, ಎಂದೆ. ಹೊಸ ನೀರು ಕಂಡ್ರೆ ಮೊದ್ಲು ಬರಿಗೈಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳವು ಹೇಳಿ ಮನೆಲಿ ಕಲಿಸಿದ್ದಲ, ಅದು ಯಾರೂ ಮುಟ್ಟದ ನೀರು, ಅದ್ರ ಕೇಳದ್ದೆ ಬಾಟ್ಲಿ ಅದ್ದಲೆ ಮನಸ್ಸು ಒಪ್ಪಿದ್ದಿಲ್ಲೆ.

ಬೈಯಬೇಕಿತ್ತು, ಬೈಯಲು ಮಾತುಗಳೂ ಕೂಡಿ ಬಂದಿದ್ದವು, ಎಂ.ಎಸ್ಸಿ. ಓದಿದವನು, ಅಷ್ಟು ತರಬೇತಿ ಪಡೆದವನು, ಅಲ್ಲಿಯವರೆಗೆ ಹಡಗಿನಲ್ಲಿ ಹೋಗಿ — ಆದರೆ ನಾನು ಕೇಳಿದ್ದು ಬೇರೆಯೇ, ಮುಂದಿನ ಸಲ? ಅವನು ಒಂದು ಕ್ಷಣವೂ ಯೋಚಿಸಲಿಲ್ಲ, ಮೊದ್ಲು ನಿನ್ನ ಬಾಟ್ಲಿ ತುಂಬ್ಸ್ತೆ, ಆಮೇಲೆ ಮುಟ್ತೆ. ಮುಟ್ಟುವುದೇ ಇಲ್ಲ ಎನ್ನಲಿಲ್ಲ, ಇನ್ನೊಂದು ಬೆರಳು ಹೋದೀತೆಂಬ ಹೆದರಿಕೆಯೂ ಇಲ್ಲ, ಈಗ ಅನ್ನ ಕಲಸುತ್ತಿದ್ದಾನೆ, ತಂಬುಳಿ ಚೊಲೋ ಆಜು ಎನ್ನುತ್ತಿದ್ದಾನೆ, ಮೇಡಂಗೆ ಇದನ್ನೇ ಬರೆಯುತ್ತೇನೆ, ಸುಳ್ಳು ಬರೆಯಲಾರೆ, ಅವರು ಇವನನ್ನು ತಂಡದಿಂದ ಬಿಟ್ಟರೆ ಬಿಟ್ಟಾರು, ನನಗೆ ಸಂಕಟವಾದೀತು, ಆದರೂ ಬರೆಯುತ್ತೇನೆ, ಬಾಟಲಿ ಅದ್ದುವ ಮೊದಲು ಸದಸ್ಯರು ಗ್ಲೌಸ್ ತೆಗೆದು, ತೆಗೆದು ಏನು, ಆ ಮುಂದಿನದನ್ನು ಯಾವ ಮಾತಿನಲ್ಲಿ ಬರೆಯಲಿ, ಸುತ್ತಲೂ ಬಿಳಿ, ಕೊರೆದ ತೂತಿನಲ್ಲಿ ಕಪ್ಪು ನೀರು, ಮಂಡಿಯೂರಿದ ಒಬ್ಬ ಹುಡುಗ, ಗಾಳಿಯಲ್ಲಿ ಹಬೆಯಾಡುವ ಅವನ ಬರಿಗೈ, ಐದೂ ಬೆರಳು, ಇಳಿಯುತ್ತಿದೆ, ನೀರಿಗೆ ಇನ್ನೂ ತಾಗಿಲ್ಲ, ಐದೂ ಬೆರಳು —