ಗೆಲ್ಲುವವರ ಸಾಕ್ಸ್

ಕಾಲೇಜಿನ ಫುಟ್‌ಬಾಲ್ ತಂಡದ ಬಟ್ಟೆ ಬರುವುದು ನನ್ನ ಲಾಂಡ್ರಿಗೆ. ಆ ತಂಡದ ಗೋಲ್‌ಕೀಪರ್ ನನ್ನ ತಮ್ಮ. ಈ ಸಲ ಅವರು ಗೆಲ್ಲತೊಡಗಿದ ಮೇಲೆ ಗಂಟಿನಲ್ಲಿ ಜೆರ್ಸಿ, ಚಡ್ಡಿ ಮಾತ್ರ ಬರತೊಡಗಿದವು. ಸಾಕ್ಸ್ ಎಲ್ಲಿ ಅಂತ ಕೇಳಿದರೆ ತಮ್ಮ ಹಲ್ಲು ಕಿರಿದ. ಮೊದಲ ಪಂದ್ಯ ಗೆದ್ದ ದಿನ ಹಾಕಿದ್ದ ಸಾಕ್ಸನ್ನು ಸೋಲುವವರೆಗೂ ನೀರಿಗೆ ಹಾಕಬಾರದಂತೆ. ಒಗೆದರೆ ಅದೃಷ್ಟವೂ ಕೊಚ್ಚಿಕೊಂಡು ಹೋಗುತ್ತದಂತೆ. ಕ್ಯಾಪ್ಟನ್‌ನ ಕಟ್ಟಪ್ಪಣೆ, ಅದಕ್ಕೆ ಕೋಚ್‌ನ ಒಪ್ಪಿಗೆ. ಓದಿದವರ ಬುದ್ಧಿ ನೋಡಿ!

ಹಾಳಾದವರು ಸೋಲಲೇ ಇಲ್ಲ. ಲೀಗ್‌ನಲ್ಲಿ ಎಲ್ಲರಿಗಿಂತ ಮೇಲೆ ನಿಂತು ನಾಕೌಟ್‌ಗೆ ಹೋದರು. ಇತ್ತ ನಾನು ತಮ್ಮನ ಆ ಸಾಕ್ಸನ್ನು ಬಾಗಿಲ ಹೊರಗೇ ಇಡಿಸುತ್ತಿದ್ದೆ, ನಾತಕ್ಕೆ ಬೀದಿನಾಯಿ ಕೂಡ ಹತ್ತಿರ ಸುಳಿಯುತ್ತಿರಲಿಲ್ಲ. ಅಂಗಡಿಗೆ ಬಂದವರೆಲ್ಲ ತಮ್ಮನ ಕೈ ಕುಲುಕಿ ಹೋಗುವಾಗ ನನಗೂ ಎದೆಯುಬ್ಬುತ್ತಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಸೆಮಿಫೈನಲ್ ಪೆನಾಲ್ಟಿಗೆ ಹೋಯಿತು. ಕೊನೆಯ ಒದೆತವನ್ನು ತಮ್ಮ ತಡೆದ. ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಮರುದಿನ ಬೆಳಿಗ್ಗೆ ಅವನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ಕಂಡು ಕಾಲು ತೋರಿಸು ಎಂದೆ. ಹಿಮ್ಮಡಿಯ ಬೊಬ್ಬೆ ಒಡೆದು ಕೀವಾಗಿತ್ತು, ಹತ್ತಿಯ ಎಳೆ ಗಾಯಕ್ಕೇ ಅಂಟಿಕೊಂಡಿತ್ತು. ಮೀನಖಂಡದವರೆಗೆ ಕೆಂಪು ಗೆರೆ ಹತ್ತಿತ್ತು. ಕೋಚ್‌ಗೆ ಗೊತ್ತಾ ಎಂದರೆ, ಗೊತ್ತು, ಹತ್ತಿ ಇಟ್ಟು ಪಟ್ಟಿ ಸುತ್ತಿ ಅದರ ಮೇಲೆ ಅದೇ ಸಾಕ್ಸ್ ಹಾಕಿಸಿದರು ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ನಂಜು ಮೇಲೇರುತ್ತಿದೆ, ಈಗಲೇ ಸೇರಿಸಿ, ಈ ಕಾಲಿನಲ್ಲಿ ಆಡಿದರೆ ಕಾಲು ಉಳಿಯುವ ಭರವಸೆ ನಾನು ಕೊಡಲಾರೆ ಎಂದರು. ಫೈನಲ್ ಮರುದಿನವೇ ಇತ್ತು.

ಸಂಜೆ ಕೋಚ್ ಮತ್ತು ಕ್ಯಾಪ್ಟನ್ ವಾರ್ಡಿಗೆ ಬಂದರು. ಅವನು ಹೇಗಿದ್ದಾನೆ ಅಂತ ಬಾಯಿಮಾತಿಗೂ ಕೇಳಲಿಲ್ಲ. ಇಂಜೆಕ್ಷನ್ ಕೊಡಿಸಿ ಕರೆದೊಯ್ದು, ಪಂದ್ಯ ಮುಗಿದ ಕೂಡಲೇ ವಾಪಸ್ ತಂದು ಮಲಗಿಸುತ್ತಾರಂತೆ. ಕ್ಯಾಪ್ಟನ್ ಪ್ಲಾಸ್ಟಿಕ್ ಚೀಲದಿಂದ ಅದೇ ಸಾಕ್ಸ್ ತೆಗೆದ. ನಮ್ಮ ಬಾಗಿಲಲ್ಲಿ ಇದ್ದದ್ದನ್ನು ಎತ್ತಿಕೊಂಡು ಬಂದಿದ್ದ! ಕೋಚ್ ನನ್ನತ್ತ ತಿರುಗಿಯೂ ನೋಡದೆ ತಮ್ಮನ ಭುಜ ಹಿಡಿದು, “ನೀನಿಲ್ದೆ ನಮ್ಮ ಕೈಲಿ ಆಗಲ್ಲಪ್ಪ,” ಎಂದ.

ತಮ್ಮ ಜ್ವರದಲ್ಲೇ ಎದ್ದು ಕಾಲು ಕೆಳಗಿಟ್ಟ. ನಾನು ಸಾಕ್ಸ್ ಕಿತ್ತುಕೊಂಡು ಕೊಳಕು ಪಟ್ಟಿ ಬಿಸಾಡುವ ಡಬ್ಬಿಗೆ ಹಾಕಿದೆ.

“ಸರ್, ನಿಮ್ಮ ಮಗನ ಕಾಲಾಗಿದ್ರೆ ಕರ್ಕೊಂಡು ಹೋಗ್ತಿದ್ರಾ?”

“ಅದು ಬೇರೆ ವಿಷ್ಯ, ನೋಡಮ್ಮ...”

“ಬೇರೆ ಅಲ್ಲ. ಎದ್ದು ಹೊರಡಿ.”

ನನ್ನ ಗಂಟಲು ಎಷ್ಟು ಏರಿತ್ತೆಂದರೆ ನರ್ಸಮ್ಮ ಓಡಿ ಬಂದು ಇಬ್ಬರನ್ನೂ ಹೊರಗೆ ಕಳಿಸಿದರು. ತಮ್ಮ ನನ್ನನ್ನು ಬಾಯಿಗೆ ಬಂದಂತೆ ಬೈದ. ತನ್ನ ಜೀವನ ಹಾಳುಮಾಡಿದೆನಂತೆ, ಇನ್ನು ನಾನು ಅವನಿಗೆ ಅಕ್ಕನೇ ಅಲ್ಲವಂತೆ. ಬೈದುಕೋ ಎಂದು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತೆ.

ಮರುದಿನ ಅವನು ಫೋನಿನಲ್ಲಿ ಫೈನಲ್ ನೋಡಿದ. ಅವರು ಸೋಲಲಿ ಎಂದು ನಾನು ಬಾಯ್ಬಿಟ್ಟೇ ಶಾಪ ಹಾಕಿದೆ. ಬೆಂಚಿನ ಮೇಲೆ ಕೂರುತ್ತಿದ್ದ ಎರಡನೇ ಗೋಲ್‌ಕೀಪರ್ ಒಂದು ಗೋಲನ್ನೂ ಬಿಡಲಿಲ್ಲ. ಗೆದ್ದರು. ಕಪ್ ಎತ್ತಿದರು, ಕುಣಿದರು. ಕೋಚ್‌ನ ಬಾಯಿಗೆ ಮೈಕ್ ಹಿಡಿದಾಗ ಅವನು ನಗುತ್ತಾ, ನಮ್ಮದು ಯಾರೋ ಒಬ್ಬನನ್ನು ನಂಬಿಕೊಂಡ ತಂಡವಲ್ಲ, ಯಾರು ನಿಂತರೂ ಗೆಲ್ಲುತ್ತೇವೆ ಎಂದ. ತಮ್ಮನ ಹೆಸರೇ ಎತ್ತಲಿಲ್ಲ.

ತಮ್ಮ ಫೋನನ್ನು ಹಾಸಿಗೆಯ ಮೇಲೆ ಬೋರಲು ಇಟ್ಟ. ಕೋಚ್‌ನ ವಂಶವನ್ನೇ ಜಾಲಾಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ, ಹಿಂದಿನ ಸಂಜೆಯಿಂದ ನನ್ನೊಡನೆ ಮಾತು ಬಿಟ್ಟಿದ್ದವನು ಕೇಳಿದ.

“ಅಕ್ಕ, ಹಾಗಾದ್ರೆ ಅವರಿಗೆ ನನ್ನ ಕಾಲು ಬೇಕೇ ಇರ್ಲಿಲ್ವಾ?”